ಮೂರನೆಯ ಏಟು

ದೆವ್ವದ ಕಥೆ ಅಂದರೆ ನನಗೆ ಮೈ ಉರಿಯುತ್ತದೆ. ಯಾರದಾದರೂ ಮನೆಯಲ್ಲಿ ಊಟ ಮುಗಿದು, ಲೈಟು ಆರಿಸಿ, ದನಿ ತಗ್ಗಿಸಿ ಶುರು ಮಾಡಿದರು ಅಂದರೆ ಎದ್ದು ಪಾತ್ರೆ ತೊಳೆಯಲು ಹೋಗುವವಳು ನಾನು. ಅಂಥವಳು ಈಗ ಬಾಯಿ ಬಿಡುತ್ತಿದ್ದೇನೆ ಅಂದರೆ, ಇದು ನಡೆದದ್ದು. ನನ್ನ ಗಂಡ ಮುರಳಿಯನ್ನು ಮಾತ್ರ ಕೇಳಬೇಡಿ. "ಅಳಿಲು" ಅನ್ನುತ್ತಾರೆ. ಅಳಿಲಂತೆ!

ಎಂಬತ್ತರ ದಶಕದ ಮಾತು. ವಾಲ್ನಟ್ ಕ್ರೀಕ್‌ನ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರಿದ್ದೆವು. ನಾನು, ಮುರಳಿ, ಎರಡನೇ ಕ್ಲಾಸಿನ ಮಗಳು ಪಲ್ಲವಿ. ಅತ್ತೆ ಧಾರವಾಡದಿಂದ ಬಂದು ಕೆಲವು ತಿಂಗಳಾಗಿತ್ತು.

ಆ ಬೇಸಿಗೆಯಲ್ಲಿ ಮುರಳಿ ಆಫೀಸಿನ ಕೆಲಸಕ್ಕೆ ಇಂಗ್ಲೆಂಡಿಗೆ ಹೋಗಿಬಂದಿದ್ದರು. ಅಲ್ಲಿ ಹುಲ್ಲುಗುಡ್ಡಗಳ ಮೇಲೆ ದಿನವಿಡೀ ನಡೆದರಂತೆ. ಕಾಲಡಿಯ ನೆಲ ಸೀಮೆಸುಣ್ಣದಷ್ಟು ಬಿಳಿಯಂತೆ. ಸಾವಿರಾರು ವರ್ಷದ ಹಿಂದಿನವರು ನೆಟ್ಟ ಕಲ್ಲುಗಳಂತೆ, ಸಮಾಧಿ ದಿಬ್ಬಗಳಂತೆ. ಮನೆಗೆ ಬಂದವರಿಗೆಲ್ಲ ಸ್ಲೈಡು ಹಾಕಿ ಅದೇ ಪುರಾಣ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಅಷ್ಟರಲ್ಲಿ ಅವರ ಆಫೀಸಿನವನೊಬ್ಬ, "ಅದಕ್ಕೆ ಅಲ್ಲಿವರೆಗೂ ಯಾಕೆ ಹೋದೆ? ನಿನ್ನ ಮನೆ ಹಿಂದಿನ ಗುಡ್ಡದಲ್ಲೇ ಹಳೇ ಕಾಲದ ಬಂಡೆ ಇದೆ" ಅಂದುಬಿಟ್ಟ. ಬಿಳಿಯರು ಬರುವುದಕ್ಕೆ ಎಷ್ಟೋ ಮೊದಲು ಇಲ್ಲಿದ್ದ ಜನ ಹಿಟ್ಟಿಗೆಂದು ಓಕ್ ಮರದ ಕಾಯಿ ಕುಟ್ಟಿ ಕುಟ್ಟಿ ಬಂಡೆಯಲ್ಲೇ ಗುಳಿ ಬಿದ್ದಿವೆಯಂತೆ. ಸರಿ, ಭಾನುವಾರ ಕಾರು ಹತ್ತಿ ಹೊರಟಾಯಿತು.

ಆ ಭಾನುವಾರವೇ, ಚಳಿಗಾಲ ಬರುತ್ತದೆಂದು ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುವ ದಿನ. ನಮ್ಮ ಯಜಮಾನರು ಗಡಿಯಾರವನ್ನೇನೋ ತಿರುಗಿಸಿದರು, ಆದರೆ ಕತ್ತಲೂ ಒಂದು ಗಂಟೆ ಬೇಗ ಬರುತ್ತದೆ ಅನ್ನುವುದು ಅವರ ತಲೆಗೆ ಹೋಗಲಿಲ್ಲ. ಆರಾಮವಾಗಿ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಆಮೇಲೆ ಗುಡ್ಡ ಹತ್ತುವ ಹೈಕು!

ಗುಡ್ಡವೋ ಒಣಹುಲ್ಲಿನ ಗುಡ್ಡ. ಒಂದು ಹತ್ತಿ ಇಳಿದರೆ ಅಂಥದ್ದೇ ಇನ್ನೊಂದು. ಹೊಸ ಶೂ ಕಚ್ಚಿ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. "ಇನ್ನೊಂದ ಗುಡ್ಡ, ಸುಧಾ. ಅಷ್ಟ" ಅಂತ ಮುರಳಿ ಎಷ್ಟು ಸಲ ಅಂದರೋ! ಸೀರೆಯ ಮೇಲೆ ಸ್ವೆಟರು ಹಾಕಿದ್ದ ಅತ್ತೆ ಮಾತ್ರ ಸರಸರ ನಡೆದರು.

ಕೊನೆಗೂ ಬಂಡೆ ಸಿಕ್ಕಿತು. ಓಕ್ ಮರವೊಂದರ ಕೆಳಗೆ, ನೆಲಕ್ಕೆ ಒರಗಿದಂತೆ ಮಲಗಿತ್ತು. ಮೇಲೆ ಒತ್ತೊತ್ತಾಗಿ ಮೂರು ಗುಳಿಗಳು, ಒಳಗೆ ಕೈಯಿಟ್ಟರೆ ಗಾಜಿನಷ್ಟು ನುಣುಪು.

ಅತ್ತೆಯ ಮುಖ ಅರಳಿತು. "ಅಯ್ಯ, ಇದು ಒಳ್ಳು! ಖಾರ ಕುಟ್ಟೋ ಒಳ್ಳು!" ಅಂದರು. ಒರಳಿಗೆ ಅವರ ಕಡೆ ಒಳ್ಳು ಅನ್ನುತ್ತಾರೆ. ಬಂಡೆ ಹತ್ತಿ ಕೂತಿದ್ದ ಪಲ್ಲವಿಯನ್ನು ಗದರಿ ಇಳಿಸಿದರು. "ಒಳ್ಳಿನ ಮ್ಯಾಲ ಕೂಡಬಾರದು, ಪಲ್ಲೂ. ಇಳಿ, ಇಳಿ."

"ವೈ, ಅಜ್ಜಿ?"

"ವೈ ಇಲ್ಲ, ಗಿಯ್ ಇಲ್ಲ. ಇಲ್ಲಿ ಕೂಡು, ಕುಟ್ಟೂದು ಕಲಸ್ತೀನಿ."

ಅತ್ತೆ ಮದುವೆಯಾಗಿ ಹೋದ ಮನೆಯಲ್ಲಿ ಮೂವರು ಸೊಸೆಯಂದಿರು. ಮೂವರೂ ಒಂದೇ ಒರಳಿಗೆ ಸರದಿಯಲ್ಲಿ ಒನಕೆ ಹಾಕುತ್ತಿದ್ದರಂತೆ. ಅದನ್ನೇ ಆಟ ಮಾಡಿದರು. ಉದ್ದನೆಯ ಉರುಟು ಕಲ್ಲುಗಳನ್ನು ಹುಡುಕಿ ತಂದು, ಗುಳಿಗೊಂದರಂತೆ ಇಟ್ಟು, "ಒಂದು ನಂದು, ಒಂದು ನಿಂದು, ಒಂದು ನಿಮ್ಮವ್ವಂದು. ಬಾ, ಸುಧಾ" ಅಂತ ಕರೆದರು.

"ನಂಗೆ ಕಾಲು ನೋಯ್ತಿದೆ ಅತ್ತೆ. ನೀವಿಬ್ರೇ ಆಡ್ಕೊಳಿ" ಅಂದೆ. ಸಿಡುಕಿಯೇ ಅಂದೆ.

ಅವರಿಬ್ಬರೇ ಕುಟ್ಟಿದರು. ನನ್ನ ಏಟಿನ ಜಾಗವನ್ನು ಹಾಗೇ ಬಿಟ್ಟುಕೊಂಡು... ಧಬ್. ಧಬ್. ಒಂದು ಖಾಲಿ. ಧಬ್. ಧಬ್. ಒಂದು ಖಾಲಿ. ಪಲ್ಲವಿಗೆ ಖುಷಿಯೋ ಖುಷಿ.

ತಲೆಯೆತ್ತಿ ನೋಡಿದರೆ ಸೂರ್ಯ ಗುಡ್ಡದ ಹಿಂದೆ ಇಳಿದೇಬಿಟ್ಟಿದ್ದ.

"ರೀ, ನಿಮ್ಮ ಇಂಗ್ಲೆಂಡ್ ಮುಗೀತಾ? ಕತ್ತಲಾಯ್ತು, ನಡೀರಿ" ಅಂದೆ. ದಾರಿಯುದ್ದಕ್ಕೂ ಬೈದೆ. ಕಾರು ನಿಲ್ಲಿಸಿದ್ದ ಜಾಗದ ಬೇಲಿಗೇಟು ಎಷ್ಟು ನಡೆದರೂ ಬರಲಿಲ್ಲ. ಇದ್ದ ಒಂದೇ ಟಾರ್ಚು ಹಿಡಿದು ಮುರಳಿ ಮುಂದೆ ಹೋದರು. ನಾನು ಕುಂಟುತ್ತ, ಅತ್ತೆಯ ಕೈ ಹಿಡಿದುಕೊಂಡು ಹಿಂದೆ. ದೂರದಲ್ಲಿ ಫ್ರೀವೇ ದೀಪಗಳ ಸಾಲು ಕಾಣುತ್ತಿತ್ತು. ಇಷ್ಟು ಹತ್ತಿರ ಊರಿಟ್ಟುಕೊಂಡು ದಾರಿ ತಪ್ಪಿದೆವಲ್ಲ ಅಂತ ಅಳುವೇ ಬಂತು.

"ಗೇಟ್ ಸಿಕ್ತು!" ಮುರಳಿ ಕೂಗಿದರು. ನಾವು ತಲುಪಿದಾಗ ಅವರು ಒಬ್ಬರೇ ನಿಂತಿದ್ದರು.

"ಪಲ್ಲವಿ ಎಲ್ರೀ?"

"ನಿಮ್ಮ ಜೊತಿ ಇಲ್ಲೇನು?"

ಅವರು ನಮ್ಮ ಜೊತೆ ಅಂದುಕೊಂಡಿದ್ದಾರೆ, ನಾವು ಅವರ ಜೊತೆ ಅಂದುಕೊಂಡಿದ್ದೇವೆ. "ಪಲ್ಲವೀ..." ಅಂತ ಕೂಗಿದೆ. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಮುರಳಿ ಟಾರ್ಚು ಹಿಡಿದು ಕೆಳಗಿನ ಹಳ್ಳದ ಕಡೆ ಓಡಿದರು. ನಾನು, ಅತ್ತೆ ಬಂದ ದಾರಿಯಲ್ಲೇ ತಿರುಗಿದೆವು. ಕಾಲಿನ ಬೊಬ್ಬೆ ಒಡೆದದ್ದೂ ನನಗೆ ಗೊತ್ತಾಗಲಿಲ್ಲ.

ಆಗ ಕೇಳಿಸಿತು...

ಧಬ್. ಧಬ್. ಒಂದು ಖಾಲಿ.

"ಅಬ್ಬಾ, ಅಲ್ಲೇ ಇದಾಳೆ!" ಹೋದ ಜೀವ ಬಂದಂತಾಯಿತು. ಹಿಂದೆಯೇ ರೋಷವೂ ಬಂತು. "ಮನೆಗೆ ಬರಲಿ, ಮಾಡ್ತೀನಿ ಅವಳಿಗೆ. ಆಟ ಅಂತೆ, ಆಟ!"

ಅತ್ತೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

"ಸುಧಾ... ಒಂದು ಪಲ್ಲೂಂದು. ನಾ ಇಲ್ಲೇ ಇದ್ದೀನಲ್ಲ. ಇನ್ನೊಂದು ಯಾರದು?"

ಮತ್ತೆ ಕಿವಿಗೊಟ್ಟೆ. ಒಂದು ಏಟು ಹಗುರ, ಮಗುವಿನ ಕೈಯದು. ಇನ್ನೊಂದು ಭಾರ. ಪಳಗಿದ ಕೈ. ಆಮೇಲೆ ಆ ಖಾಲಿ... ಯಾರನ್ನೋ ಕಾಯುತ್ತಿರುವ ಹಾಗೆ.

ಹತ್ತಿರವಾದಂತೆ ವಾಸನೆ ಬಂತು. ಹುಣಸೆಬೀಜ ಹುರಿದು ನೀರಲ್ಲಿ ನೆನೆಹಾಕಿದಂಥ ಕಹಿ ವಾಸನೆ. ಊರಿನ ದೀಪಗಳ ಮಬ್ಬು ಬೆಳಕಿನಲ್ಲಿ ನೋಡಿದರೆ, ಮರದ ಕೆಳಗೆ ಪಲ್ಲವಿ ಮಂಡಿಯೂರಿ ಕೂತಿದ್ದಳು. ಎರಡೂ ಕೈಯಲ್ಲಿ ಕಲ್ಲು. ಕಣ್ಣು ಎದುರಿನ ಕತ್ತಲಲ್ಲಿ ನೆಟ್ಟಿತ್ತು. ಅವಳು ಕಲ್ಲು ಎತ್ತುತ್ತಿದ್ದಾಗ, ಎದುರಿನ ಗುಳಿಯಲ್ಲಿ ಧಬ್ ಅನ್ನುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ದೇವರಾಣೆಗೂ ಇರಲಿಲ್ಲ.

"ಪಲ್ಲೂ, ಏಳೇ!" ಅಂತ ನುಗ್ಗಿದೆ. ಅತ್ತೆ ಸೆರಗು ಹಿಡಿದೆಳೆದ ಹಾಗೆ ನನ್ನ ಜಾಕೀಟು ಎಳೆದರು.

"ಮುಟ್ಟಬ್ಯಾಡ. ಒಳ್ಳಿನ್ಯಾಗ ಹಾಕಿದ್ದು ಅರ್ಧಕ್ಕ ಬಿಡಸಬಾರದು."

"ಏನತ್ತೆ ನೀವು! ನನ್ನ ಮಗು..."

"ನನ್ನ ಮೊಮ್ಮಗಳೂ ಹೌದು. ಸುಮ್ಮ ನಿಂದ್ರು."

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡರು. ಮೂರನೆಯ ಗುಳಿಯ ಮುಂದೆ, ನನ್ನನ್ನು ಕೂರಿಸಬೇಕೆಂದಿದ್ದ ಜಾಗದಲ್ಲಿ, ತಾವು ಕೂತರು. ಕಲ್ಲು ತಗೊಂಡು ಆ ಖಾಲಿಗಾಗಿ ಕಾದರು.

ಧಬ್. ಧಬ್. ಧಬ್.

ಮೂರೂ ಸೇರಿದ್ದೇ ಮರದ ಮೇಲಿದ್ದ ಹಕ್ಕಿ ಎದ್ದು ಹಾರಿತು. ಎಷ್ಟು ಹೊತ್ತು ಕುಟ್ಟಿದರೋ ಹೇಳಲಾರೆ. ನಾನು ಬಾಯಿಗೆ ಜಾಕೀಟಿನ ತೋಳು ತುರುಕಿಕೊಂಡು ನಿಂತಿದ್ದೆ. ಕೊನೆಗೆ ಎದುರಿನ ಏಟು ನಿಧಾನವಾಯಿತು... ನಿಂತಿತು. ಪಲ್ಲವಿಯ ಕೈಯಿಂದ ಕಲ್ಲು ಜಾರಿತು.

"ಮಾಮ್, ಐ ಆಮ್ ಕೋಲ್ಡ್" ಅಂದಳು, ಈಗಷ್ಟೇ ನಿದ್ದೆಯಿಂದ ಎದ್ದವಳ ಹಾಗೆ. ಎತ್ತಿ ಅಪ್ಪಿಕೊಂಡೆ.

ಅತ್ತೆ ಕೂಡಲೇ ಏಳಲಿಲ್ಲ. ಎದುರಿಗೆ ನೋಡುತ್ತ, ಯಾರದೋ ಮಾತಿಗೆ ಒಪ್ಪಿಕೊಂಡಂತೆ ಎರಡು ಸಲ ತಲೆಯಾಡಿಸಿದರು. ಆಮೇಲೆ ಎದ್ದರು.

ಮುರಳಿ ಓಡಿಬಂದು ಬಂಡೆಯ ಮೇಲೆ ಟಾರ್ಚಿನ ಬೆಳಕು ಬಿಟ್ಟರು. ಪಲ್ಲವಿಯ ಗುಳಿ ಬರಿದು. ಅತ್ತೆಯ ಗುಳಿ ಬರಿದು. ಎದುರಿನದರಲ್ಲಿ ಮಾತ್ರ ಒಂದು ಹಿಡಿ ನುಣ್ಣನೆಯ ಹಿಟ್ಟು. "ಅಳಿಲು ಕಾಯಿ ತಿಂದು ಪುಡಿ ಮಾಡ್ಯಾವ" ಅಂದರು. ಆಗ ಅವರಿಗೆ ಒಂದು ಬಿಗಿಯಬೇಕು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

"ಏನಂತ ಒಪ್ಪಿಕೊಂಡ್ರಿ ಅತ್ತೆ?" ಅಂತ ಎಷ್ಟು ಸಲ ಕೇಳಿದೆನೋ. "ಏನಿಲ್ಲ ಬಿಡು. ಹುಡುಗೀನ್ನ ಬಿಟ್ರಲ್ಲ, ಸಾಕು" ಅಂದರು, ಅಷ್ಟೇ. ಧಾರವಾಡಕ್ಕೆ ವಾಪಸು ಹೋದ ಮೇಲೆ, ಅತ್ತೆ ಸಂಜೆಯಾದರೆ ಮುಷ್ಟಿ ಕಟ್ಟಿ ನೆಲಕ್ಕೆ ಬಡಿಯುತ್ತ ಕೂರುತ್ತಾರೆ ಅಂತ ನಾದಿನಿ ಫೋನಿನಲ್ಲಿ ಗೊಣಗುತ್ತಿದ್ದಳು. ಬಿಟ್ಟು ಬಿಟ್ಟು, ಒಂದೇ ಲೆಕ್ಕದಲ್ಲಿ. ನನಗೆ ಅರ್ಥವಾಗಿತ್ತು. ಯಾರಿಗೆ ಹೇಳಲಿ?

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಸುದ್ದಿ ಬಂದ ದಿನ ಸಂಜೆ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಪಲ್ಲವಿ ಡೈನಿಂಗ್ ಟೇಬಲ್ಲಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಅವಳ ಪೆನ್ಸಿಲು ಟೇಬಲ್ಲಿಗೆ ಬಡಿಯತೊಡಗಿತು. ಟಕ್... ಹಿಂದೆಯೇ ಗೋಡೆಯ ಆಚೆಯಿಂದ ಧಬ್... ಆಮೇಲೆ ಖಾಲಿ.

ಅತ್ತೆಯ ಜಾಗ ತೆರವಾಗಿತ್ತು. ಅದು ಮೊದಲಿಗೆ ಯಾರಿಗೆಂದು ಇಟ್ಟ ಜಾಗ ಅನ್ನುವುದೂ ನನಗೆ ಗೊತ್ತಿತ್ತು. ಓಡಿಹೋಗಿ ಮಗಳ ಎದುರು ಕೂತೆ, ಆ ಖಾಲಿಗೆ ನನ್ನ ಮುಷ್ಟಿ ಹಾಕಿದೆ. ಪೆನ್ಸಿಲು ನಿಂತಿತು. ಮತ್ತೆ ಯಾವತ್ತೂ ಅವಳ ಕೈ ಹಾಗೆ ಆಡಲಿಲ್ಲ.

ಅವತ್ತಿನಿಂದ ದಿನಾ ಸಂಜೆ ಕುಟ್ಟುತ್ತೇನೆ. ಮುರಳಿ ನನಗೆ ನರದ ತೊಂದರೆ ಅಂತ ಲಾಸ್ ಆಲ್ಟೋಸ್‌ವರೆಗೂ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ನನಗೆ ಸಾಕಾಗಿಹೋಗಿದೆ. ಆದರೆ ಬಿಡುವ ಧೈರ್ಯವಿಲ್ಲ.

ಪಲ್ಲವಿ ಈಗ ಕ್ಯಾಂಪ್‌ಬೆಲ್‌ನಲ್ಲಿದ್ದಾಳೆ, ಅವಳಿಗೂ ಒಬ್ಬ ಮಗಳು. ಹೋದ ವಾರ ಸಂಜೆಯ ಹೊತ್ತಿಗೇ ಫೋನು ಮಾಡಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಅದರ ಪಾಡಿಗೆ ಅಡುಗೆ ಕಟ್ಟೆಯ ಮೇಲೆ ಬಡಿಯುತ್ತಿತ್ತು.

"ಏನಮ್ಮ ಅದು ಸೌಂಡು?"

"ಏನಿಲ್ಲ ಪುಟ್ಟಾ. ಚಟ್ನಿಪುಡಿ ಕುಟ್ತಾ ಇದೀನಿ."

ಅವಳು ದನಿ ತಗ್ಗಿಸಿ ಕೇಳಿದಳು:

"ಒಂದು ನಿಂದು... ಇನ್ನೊಂದು ಯಾರದು, ಮಾಮ್?"