ಹೊಸ ಕಂಪ್ಯೂಟರಿನೊಳಗಿದ್ದ ಅಂಕಪಟ್ಟಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯ ಒಂದು ಸಹಕಾರ ಸಂಘದಲ್ಲಿ ತಾತ್ಕಾಲಿಕ ಗುಮಾಸ್ತೆಯಾಗಿದ್ದೆ. ಸಂಘಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ನನ್ನ ವಶಕ್ಕೆ ಕೊಟ್ಟರು. ಭೌತಶಾಸ್ತ್ರದ ಎಂ.ಎಸ್ಸಿ. ಓದುವಾಗ ಕೆಲವು ವಾರ ಅಂಥ ಯಂತ್ರ ಮುಟ್ಟಿದ್ದವಳು ಆ ಕಚೇರಿಯಲ್ಲಿ ನಾನೊಬ್ಬಳೇ.

ಅದಕ್ಕೆಂದು ಬಿಟ್ಟುಕೊಟ್ಟ ಕೋಣೆಗೆ ಪರದೆ ಕಟ್ಟಿಸಿ, ಚಪ್ಪಲಿ ಹೊರಗೇ ಬಿಡಬೇಕೆಂದು ಕಾರ್ಯದರ್ಶಿಗಳು ಚೀಟಿ ಅಂಟಿಸಿದ್ದರು. ಬೆಂಗಳೂರಿನ ಕಂಪನಿಯ ಇಂಜಿನಿಯರ್ ಪೆಟ್ಟಿಗೆ ಬಿಚ್ಚಿ ಜೋಡಿಸಿದ ಮೇಲೆ ಕಾರ್ಯದರ್ಶಿಗಳು ತಾವೇ ಯಂತ್ರಕ್ಕೆ ಕುಂಕುಮ ಹಚ್ಚಿದರು.

"ಇದರೊಳಗೆ ಈಗ ಏನೈತ್ರಿ?"

"ಏನೂ ಇಲ್ಲ ಸರ್. ಫ್ಯಾಕ್ಟರಿಯಿಂದ ನೇರ ಬಂದಿರೋದು."

"ನಮ್ಮ ಬೀರುನೇ ವಾಸಿ ಹಂಗಾದ್ರೆ. ಅದರೊಳಗೆ ಇಲಿನಾದ್ರೂ ಅದಾವೆ."

ಇಂಜಿನಿಯರ್ ಮಧ್ಯಾಹ್ನದ ಬಸ್ಸಿಗೆ ಹೊರಟರು. ಡಿಸ್ಕಿನಲ್ಲಿ ಏನಿದೆ ಎಂದು ನೋಡಿದೆ. ಒಂದೂ ಫೈಲು ಇರಬಾರದಾಗಿದ್ದ ಕಡೆ ಮೂವತ್ತಕ್ಕೂ ಹೆಚ್ಚು ಫೈಲುಗಳಿದ್ದವು. ತೆರೆದವೆಲ್ಲ ಹೊನ್ನಾಳಿಯ ಒಂದು ಖಾಸಗಿ ಕಾಲೇಜಿನವು: ರಜೆಯ ಸುತ್ತೋಲೆ, ಪರೀಕ್ಷೆಯ ವೇಳಾಪಟ್ಟಿ. ಬಳಸಿ ನೋಡಲೆಂದು ಕಾಲೇಜಿಗೆ ಕೊಟ್ಟಿದ್ದ ಯಂತ್ರವನ್ನು ಕಂಪನಿಯವರು ವಾಪಸು ಪಡೆದು, ಒಳಗಿನದನ್ನು ಅಳಿಸದೆ, ಹೊಸ ಪೆಟ್ಟಿಗೆಯಲ್ಲಿಟ್ಟು ನಮಗೆ ಕಳಿಸಿದ್ದರು.

ಒಂದು ಫೈಲಿನ ಹೆಸರು ಇಂಟರ್‌ವ್ಯೂ ಎಂದಿತ್ತು. ಅದೇ ಕಾಲೇಜಿನ ಉಪನ್ಯಾಸಕ ಹುದ್ದೆಗೆ ನಾನು ಅರ್ಜಿ ಹಾಕಿದ್ದೆ. ಕಾಯಂ ಕೆಲಸ, ನ್ಯಾಮತಿಯ ನಮ್ಮ ಮನೆಯಿಂದಲೇ ಓಡಾಡಬಹುದಿತ್ತು. ಕಾರ್ಯದರ್ಶಿಗಳಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವುದು ನನಗೂ ಬೇಕಿರಲಿಲ್ಲ.

ಏಳು ಹೆಸರುಗಳಿದ್ದವು. ಸಂದರ್ಶನಕ್ಕೆ ಮೂವತ್ತು ಅಂಕ. ಮೊದಲ ಹೆಸರಿಗೆ ಇಪ್ಪತ್ತೆಂಟು, ನನಗೆ ಹನ್ನೊಂದು, ಕೊನೆಯ ಹೆಸರಿಗೆ ಒಂಬತ್ತು. ಸಂದರ್ಶನ ಇದ್ದದ್ದು ಮುಂದಿನ ಶುಕ್ರವಾರ. ಓದುವುದು ತಪ್ಪೆಂದು ಗೊತ್ತಿತ್ತು. ಎರಡು ಸಲ ಓದಿದೆ. ಆಮೇಲೆ ಪ್ರಿಂಟ್ ತೆಗೆದೆ.

"ಏನಮ್ಮಾ ಅದು, ಹಂಗೆ ಕಿರುಚ್ತೈತೆ?" ಕಾರ್ಯದರ್ಶಿಗಳು ಹೊರಗಿನಿಂದ ಕೇಳಿದರು.

"ಪ್ರಿಂಟರ್ ಪರೀಕ್ಷೆ ಮಾಡ್ತಿದೀನಿ ಸರ್."

ಶುಕ್ರವಾರ ಹುಷಾರಿಲ್ಲವೆಂದು ರಜೆ ಹಾಕಿ ಹೊನ್ನಾಳಿಗೆ ಹೋದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರು ಜಗಳೂರಿನವರು, ನನ್ನದೇ ವಯಸ್ಸು. ಹೆಸರು ಹೇಳಿದರು. ಒಂಬತ್ತು ಅಂಕದವರು.

"ಮೂರು ಬಸ್ ಬದಲಾಯಿಸಿ ಬಂದೀನ್ರೀ. ನಿಮಗೇನು, ನ್ಯಾಮತಿ! ಊಟ ಮುಗಿಸಿ ಕೈ ಒಣಗೋದ್ರಾಗೆ ಬಂದಿರ್ತೀರಿ." ಆಮೇಲೆ ನೋಟ್ಸ್ ತೆರೆದು ನನ್ನನ್ನೇ ಪ್ರಶ್ನೆ ಕೇಳತೊಡಗಿದರು. ಒಂದಕ್ಕೆ ಉತ್ತರಿಸಿದೆ. "ಹಂಗಲ್ರೀ," ಎಂದು ಪೆನ್ನು ತೆಗೆದು ಅಂಗೈಯಲ್ಲೇ ಚಿತ್ರ ಬರೆದು ತೋರಿಸಿದರು. ಅವರು ಹೇಳಿದ್ದೇ ಸರಿ. ಪ್ರಿಂಟ್ ತೆಗೆದ ಹಾಳೆ ನನ್ನ ಚೀಲದಲ್ಲಿತ್ತು.

ನನ್ನನ್ನು ಕರೆದರು. ಒಳಗೆ ಮೂವರಿದ್ದರು. ಪ್ರಾಂಶುಪಾಲರು ಊರು ಯಾವುದೆಂದು ಕೇಳಿ, "ಆಯ್ತು, ತಿಳಿಸ್ತೀವಿ," ಎಂದರು. ನಾನು ಏಳಲಿಲ್ಲ. ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

"ಇದು ನಮ್ಮ ಆಫೀಸಿನ ಹೊಸ ಕಂಪ್ಯೂಟರಿನಲ್ಲಿ ಬಂದಿತ್ತು ಸರ್. ತಮ್ಮದಿರಬೇಕು."

ಅವರು ಅದನ್ನು ಓದಿ ಮಗುಚಿಟ್ಟರು. "ಬೇರೆ ಯಾರಾದ್ರೂ ನೋಡ್ಯಾರೇನ್ರಿ?"

"ಹೊರಗೆ ಕೂತವರಿಗೆ ಇನ್ನೂ ತೋರಿಸಿಲ್ಲ ಸರ್."

ಆ ಮಾತಿನೊಂದಿಗೆ ಈ ಕೆಲಸ ನನಗೆ ಸಿಗುವುದಿಲ್ಲ ಎಂಬುದು ಖಚಿತವಾಯಿತು.

ನನ್ನ ನಂತರ ಜಗಳೂರಿನವರನ್ನು ಕರೆದರು. ನಾನು ಬೆಂಚಿನಲ್ಲೇ ಕೂತು ಕಾದೆ. ಒಳಗೆ ಬೋರ್ಡಿನ ಮೇಲೆ ಸೀಮೆಸುಣ್ಣ ಓಡುವ ಸದ್ದು ಕೇಳುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಅವರು ಕೈಯೆಲ್ಲ ಬೆಳ್ಳಗಾಗಿ ಹೊರಗೆ ಬಂದರು.

"ಅಬ್ಬಾ, ಪಾಠನೇ ಮಾಡಿಸಿಬಿಟ್ರು ಕಣ್ರೀ! ನಿಮಗೇನು ಕೇಳಿದ್ರು?"

"ಊರು ಯಾವುದು ಅಂತ."

"ಅದಕ್ಕಾದ್ರೂ ಸರಿಯಾಗಿ ಉತ್ತರ ಹೇಳಿದ್ರಿ ತಾನೆ?"

ಸೋಮವಾರ ಆ ಫೈಲುಗಳನ್ನೆಲ್ಲ ಅಳಿಸಿದೆ. ತಿಂಗಳ ನಂತರ ಕಾಲೇಜಿನಿಂದ ನನಗೆ ಎರಡು ಸಾಲಿನ ಪತ್ರ ಬಂತು: ವಿಷಾದಿಸುತ್ತೇವೆ.

ಶನಿವಾರಗಳಂದು ಊರಿಗೆ ಹೋಗುವಾಗ ಹೊನ್ನಾಳಿಯಲ್ಲಿ ಬಸ್ ಬದಲಾಯಿಸುತ್ತಿದ್ದೆ. ಒಂದು ಸಲ ಜಗಳೂರಿನವರು ನಿಲ್ದಾಣದಲ್ಲಿ ಸಿಕ್ಕರು. ಕಂಕುಳಲ್ಲಿ ಉತ್ತರ ಪತ್ರಿಕೆಗಳ ಕಟ್ಟಿತ್ತು. ಕೆಲಸ ಅವರಿಗೆ ಸಿಕ್ಕಿತ್ತು. ನಾನು ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ ಎಂದೆ. ಹಾಳೆಯ ವಿಷಯ ನಾನು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

"ನಮ್ಮ ಕಾಲೇಜಿಗೂ ಕಂಪ್ಯೂಟರ್ ಬಂದೈತ್ರೀ. ಪಾಠ ಮಾಡೋರಿಗೆ ಯಾರಿಗೂ ನಡೆಸಾಕೆ ಬರಲ್ಲ. ಒಂದಿನ ಬಂದು ಕಲಿಸ್ರಿ."

"ಬರ್ತೀನಿ," ಎಂದೆ. "ಮೊದಲು ಅಳಿಸೋದು ಹೇಗೆ ಅಂತ ಕಲಿಸ್ತೀನಿ."

ತಮಾಷೆಯೆಂದುಕೊಂಡು ಅವರು ನಕ್ಕರು. ನ್ಯಾಮತಿಯ ಬಸ್ ಬಂತು.