ಧನ್ಯಶ್ರೀಗೆ ನಾವು ಕೊಟ್ಟ ಐದಕ್ಕೆ ಐದು

ಕಡೂರಿನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ನಾನು ಕೌಂಟರ್ ಹುಡುಗ. ವಯಸ್ಸು ಇಪ್ಪತ್ತೇಳಾದರೂ ಮಾಲೀಕರ ಬಾಯಲ್ಲಿ ಹುಡುಗನೇ. ಭಾನುವಾರ ಮಾತ್ರ ನಾನು ನಮ್ಮೂರು ಶಿವನಿಯ ವಾಲಿಬಾಲ್ ತಂಡದ ಕ್ಯಾಪ್ಟನ್. ಆಟ ಚೆನ್ನಾಗಿದೆ ಎಂದು ಯಾರೂ ನನ್ನನ್ನು ಆರಿಸಲಿಲ್ಲ. ನೆಟ್ ನಮ್ಮ ಮನೆಯಲ್ಲಿರುತ್ತದೆ, ಅಷ್ಟೇ. ನಾನು ಮಾಡುವ ಸರ್ವ್ ಆಚೆಗೆ ಹೋಗುವುದಕ್ಕಿಂತ ಮುಂದೆ ನಿಂತ ತಿಮ್ಮೇಶನ ಕುತ್ತಿಗೆಗೆ ಬಡಿಯುವುದೇ ಹೆಚ್ಚು. ಈಚೆಗೆ ಅವನು ಟವೆಲ್ ಸುತ್ತಿಕೊಂಡೇ ಆಡುತ್ತಾನೆ.

ಇಂಥ ತಂಡವನ್ನು ನಂಬಿಕೊಂಡು ಬಂದವಳು ನಮ್ಮೂರ ಲಕ್ಕಣ್ಣನ ಮಗಳು ಧನ್ಯಶ್ರೀ. ಹೈಸ್ಕೂಲಿನಲ್ಲಿ ಎಂಟುನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೇ ಮೊದಲು ಬರುತ್ತಿದ್ದಳು. ಜಿಲ್ಲಾ ಮಟ್ಟದ ಓಟದ ದಿನ ಮಾತ್ರ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಮೂರು ವರ್ಷವೂ ಹೀಗೇ. ತಾಯಿ ಕಾಂತಮ್ಮ ಓಮದ ಕಷಾಯ ಕುಡಿಸಿದರು, ಡಾಕ್ಟರು ಜಂತುಹುಳದ ಮಾತ್ರೆ ಕೊಟ್ಟರು. ತೊಂದರೆ ಇರುವುದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ ಎಂದು ಕೊನೆಗೆ ಅವಳಿಗೇ ಅನುಮಾನ ಬಂತು. ಆ ಅನುಮಾನದ ಬೆನ್ನು ಹತ್ತಿ ಹೋಗಿ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಮನೋವಿಜ್ಞಾನದ ಎಂ.ಎಸ್ಸಿ. ಸೇರಿದಳು.

ಅದೇನು ಓದು ಎಂದು ಊರಿಗೆ ವಿವರಿಸುವ ಕೆಲಸ ಲಕ್ಕಣ್ಣನ ಪಾಲಿಗೆ ಬಂತು.

“ಆಟ ಆಡೋರ ಮನಸ್ಸು ಓದ್ತಾಳೆ ಕಣಮ್ಮ,” ಎಂದ ಎದುರುಮನೆ ಓಬಮ್ಮನಿಗೆ.

“ಹಂಗಾರೆ ನಮ್ಮ ಸೊಸೆ ಮನಸ್ಸಲ್ಲಿ ಏನೈತೆ ಅಂತ ಒಸಿ ಓದ್ಸು ಲಕ್ಕಣ್ಣ.”

“ನಿನ್ ಸೊಸೆ ಏನ್ ಆಟ ಆಡ್ತಾಳೆ?”

“ದಿನಾ ಆಡ್ತಾಳೆ, ಬಂದು ನೋಡು!”

ಕೊನೆಯ ವರ್ಷ ಧನ್ಯಶ್ರೀ ಒಂದು ಪ್ರಬಂಧ ಬರೆಯಬೇಕಿತ್ತು. ಒಂದು ತಂಡಕ್ಕೆ ಆರು ವಾರ ಮನಸ್ಸಿನ ತರಬೇತಿ ಕೊಟ್ಟು, ಶುರುವಿನಲ್ಲೊಮ್ಮೆ, ಪಂದ್ಯದ ದಿನ ಇನ್ನೊಮ್ಮೆ ಪ್ರಶ್ನಾವಳಿ ತುಂಬಿಸಿ, ಆಟಗಾರರ ಭಯ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ತೋರಿಸಬೇಕು. ಉತ್ತರ ಸರಿಯಾಗಿ ಸಿಗದಿದ್ದರೆ ಒಂದು ವರ್ಷ ಹೋಯಿತು. ಒಳ್ಳೆಯ ತಂಡಗಳು ಯಾವುವೂ ಒಪ್ಪಲಿಲ್ಲ. ನಾವು ಒಪ್ಪಿದೆವು, ಟೀ ಕೊಡುತ್ತೇನೆ ಎಂದಿದ್ದಳು.

ಮೊದಲ ದಿನ ಹಾಳೆ ಹಂಚಿದಳು. ‘ಪಂದ್ಯಕ್ಕೆ ಮುಂಚೆ ಕೈ ನಡುಗುತ್ತದೆ’, ‘ಸೋಲುತ್ತೇನೆ ಅನಿಸುತ್ತದೆ’, ಇಂಥ ಇಪ್ಪತ್ತು ಸಾಲು. ಪ್ರತಿಯೊಂದರ ಮುಂದೆ ಒಂದರಿಂದ ಐದರವರೆಗೆ ಅಂಕಿ. ಏನೂ ಇಲ್ಲದಿದ್ದರೆ ಒಂದು, ವಿಪರೀತ ಇದ್ದರೆ ಐದು. ಹಾಗೆಂದು ಹೇಳಿ ಟೀ ತರಲು ಹೋದಳು.

ತಿಮ್ಮೇಶ ಪೆನ್ನು ಕಚ್ಚುತ್ತ ನನ್ನನ್ನು ಕೇಳಿದ, “ಕಲ್ಲೇಶ, ನಾನು ಎರಡು ಹಾಕ್ಲಾ?”

“ಲೇ, ನಮ್ಮೂರ ಹೆಣ್ಮಗು ಕಣೋ. ಐದಕ್ಕೆ ಎರಡು ಕೊಟ್ರೆ ಪಾಸಾಗ್ತಾಳಾ? ಲಕ್ಕಣ್ಣನ ಮುಖ ಹೆಂಗೆ ನೋಡ್ತೀಯ?” ಎಂದೆ.

ಕ್ಯಾಪ್ಟನ್ ಆಗಿ ನಾನು ಇದುವರೆಗೆ ತೆಗೆದುಕೊಂಡ ಒಂದೇ ತೀರ್ಮಾನ ಅದು. ಹನ್ನೆರಡು ಜನವೂ ಮೇಲಿಂದ ಕೆಳಗೆ ಐದು ಹಾಕಿದೆವು. ಹರ್ಷಿತ್ ಎಂಬ ನಮ್ಮ ಹೊಸ ಆಟಗಾರ ಕೆಳಗೆ ‘ಹುಡುಗಿ ಒಳ್ಳೆಯವಳು’ ಎಂದು ಬರೆದು ಸಹಿಯನ್ನೂ ಹಾಕಿದ. ಧನ್ಯಶ್ರೀ ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿದಳು. ತರಬೇತಿ ಮುಗಿಯುವವರೆಗೆ ಅವಳೂ ನೋಡಬಾರದಂತೆ.

ಆರು ವಾರ ತರಬೇತಿ ನಡೆಯಿತು. ಕಣ್ಣು ಮುಚ್ಚಿ ಗೆದ್ದಂತೆ ಕಲ್ಪಿಸಿಕೊಳ್ಳಿ ಎಂದಳು. ತಿಮ್ಮೇಶ ಗೊರಕೆ ಹೊಡೆದ. ‘ನಾನು ಗಟ್ಟಿ, ನನ್ನನ್ನು ಯಾರೂ ಸೋಲಿಸಲಾರರು’ ಎಂದು ಗಟ್ಟಿಯಾಗಿ ಹೇಳಿಸಿದಳು. ಅದನ್ನು ಕೇಳಿದ ಕಾಂತಮ್ಮ ಗಾಬರಿಯಾಗಿ ಓಡಿಬಂದು, “ಹಂಗೆಲ್ಲ ಕೂಗ್ಕೊಂಡ್ರೆ ದೃಷ್ಟಿ ತಾಕುತ್ತೆ ಕಣ್ರೋ,” ಎಂದು ಹನ್ನೆರಡು ಜನಕ್ಕೂ ಉಪ್ಪು ಮೆಣಸಿನಕಾಯಿ ಇಳಿತೆಗೆದು ಕೆಂಡಕ್ಕೆ ಹಾಕಿದರು. ಅವತ್ತು ಉಸಿರಾಟದ ಅಭ್ಯಾಸ ನಡೆಯಲಿಲ್ಲ.

ತರೀಕೆರೆಯಲ್ಲಿ ಪಂದ್ಯ. ಆಟಕ್ಕೆ ಅರ್ಧ ಗಂಟೆ ಮುಂಚೆ ಎರಡನೇ ಸಲ ಹಾಳೆ ತುಂಬಿದೆವು. ಆವತ್ತು ಟೀ ಜೊತೆ ಬನ್ನೂ ಕೊಡಿಸಿದ್ದಳು. ಐದಕ್ಕಿಂತ ಮೇಲೆ ಅಂಕಿ ಇಲ್ಲವಲ್ಲ ಎಂದು ನನಗೆ ಬೇಜಾರಾಯಿತು. ಅವಳು ಮೆಟ್ಟಿಲ ಮೇಲೆ ಕೂತು ಹಳೆಯ ಲಕೋಟೆ ಒಡೆದಳು. ಎರಡೂ ಕಂತೆ ತಿರುವಿದಳು. ಮತ್ತೊಮ್ಮೆ ತಿರುವಿದಳು.

“ಕಲ್ಲೇಶಣ್ಣ, ಇಷ್ಟು ಭಯ ಇದ್ದಿದ್ರೆ ನೀವು ಬಸ್ಸೇ ಹತ್ತಕ್ಕಾಗ್ತಿರ್ಲಿಲ್ಲ.”

“ಭಯ ಎಲ್ಲೈತೆ ತಂಗಿ? ನಿಂಗೆ ಫುಲ್ ಮಾರ್ಕ್ಸ್ ಕೊಟ್ಟಿದ್ದೀವಿ.”

“ಎರಡು ಸಲಾನೂ?”

“ಒಂದ್ಸಲ ಕೊಟ್ಟು ಇನ್ನೊಂದ್ಸಲ ಕಿತ್ಕೊಳಕ್ಕಾಗುತ್ತಾ?” ಎಂದ ತಿಮ್ಮೇಶ.

ಅವಳ ಕೈ ಹೊಟ್ಟೆಗೆ ಹೋಯಿತು. ಅಷ್ಟರಲ್ಲಿ ಸೀಟಿ ಊದಿದರು. ಆ ಮುಖ ನೋಡಿದ ಮೇಲೆ ನಮಗೆ ಮೊದಲ ಬಾರಿಗೆ ಕೈ ನಡುಗಿತು. ನೇರ ಸೆಟ್‌ಗಳಲ್ಲಿ ಸೋತು, ತಪ್ಪು ಮಾಡಿದ ಮಕ್ಕಳಂತೆ ಅವಳ ಮುಂದೆ ಸಾಲಾಗಿ ನಿಂತೆವು. ಅವಳು ಮಾರ್ಗದರ್ಶಕಿ ಪಂಕಜಾಕ್ಷಿ ಮೇಡಂಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಆ ಕಡೆಯಿಂದ ನಮಗೂ ಕೇಳುವಷ್ಟು ನಗು.

“ಅಂಕಿ ಬಿಡಮ್ಮ. ಐದೇ ಯಾಕೆ ಕೊಟ್ರು, ನಿಜವಾದ ಭಯ ಏನು ಅಂತ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳು. ಅದನ್ನೇ ಬರಿ. ಪ್ರಬಂಧ ಕೊಡೋಕೆ ಇನ್ನೂ ಹತ್ತು ದಿನ ಇದೆ.”

ನೋಟ್‌ಬುಕ್ ಹಿಡಿದು ಧನ್ಯಶ್ರೀ ಹೊಲ, ಗ್ಯಾರೇಜು, ಹಾಲಿನ ಡೇರಿ ಎಲ್ಲ ಸುತ್ತಿದಳು. ಕೊನೆಗೆ ಕಡೂರಿಗೆ ನನ್ನ ಕೌಂಟರಿಗೂ ಬಂದಳು.

“ಸರ್ವ್ ಮಾಡುವಾಗ ಏನಾಗುತ್ತೆ ಕಲ್ಲೇಶಣ್ಣ? ನಿಜ ಹೇಳಿ. ಇದಕ್ಕೆ ಮಾರ್ಕ್ಸ್ ಇಲ್ಲ.”

“ಕಣ್ಣು ಮುಚ್ಕೊಂಡ್ಬಿಡ್ತೀನಿ,” ಎಂದೆ. “ಏಳನೇ ಕ್ಲಾಸಿಂದ ಹಂಗೇ. ಎಲ್ಲಾರೂ ನನ್ನನ್ನೇ ನೋಡ್ತಿರ್ತಾರಲ್ಲ.”

ಅವಳು ನಗದೆ ಬರೆದುಕೊಂಡಳು. ಪಕ್ಕದಲ್ಲಿ ಕಾಯುತ್ತಿದ್ದ ಗಿರಾಕಿ ಮಾತ್ರ, “ಬೇರಿಂಗಾದ್ರೂ ಕಣ್ ಬಿಟ್ಕೊಂಡು ಕೊಡಪ್ಪಾ,” ಎಂದ.

ಧನ್ಯಶ್ರೀ ಪಾಸಾದಳು. ಪ್ರಬಂಧದ ಪ್ರತಿಯನ್ನು ಮನೆಗೆ ತಂದ ದಿನ ಲಕ್ಕಣ್ಣ ಓದಿಸಿ ಕೇಳಿಸಿಕೊಂಡ. ಅದರಲ್ಲಿ ಯಾರ ಹೆಸರೂ ಇಲ್ಲ, ನಾನು ‘ಆಟಗಾರ ನಾಲ್ಕು’.

“ಕಣ್ ಮುಚ್ಕೊಂಡು ಆಡೋನು ಯಾವನಮ್ಮ ಅದು?” ಎಂದು ಲಕ್ಕಣ್ಣ ಹೊಟ್ಟೆ ಹುಣ್ಣಾಗುವಂತೆ ನಕ್ಕ.

“ಹೇಳಂಗಿಲ್ಲ ಕಣಪ್ಪಾ. ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

ನಾನೂ ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. “ಯಾರೋ ಪಾಪ,” ಎಂದು ಲಕ್ಕಣ್ಣನಿಗಿಂತ ಜೋರಾಗಿ ನಕ್ಕೆ.