ಅಮಾವಾಸ್ಯೆಯಂದು ನೋಡಿದ ಮನೆ

ಮೊದಲ ಮನೆ ಕೊಳ್ಳುವವರು ಈಚೆಗೆ ನನ್ನ ಸಲಹೆ ಕೇಳಲು ಬರುತ್ತಾರೆ. ನಾನು ಜಾಣನೆಂದು ಅಲ್ಲ, ಎಡವಿದವನಿಗೆ ಕಲ್ಲು ಎಲ್ಲಿದೆಯೆಂದು ಗೊತ್ತಿರುತ್ತದೆ ಎಂದು. ನಾನು ಹೇಳುವುದು ಎರಡೇ ಮಾತು: ಕೆಲಸದ ದಿನ ಹೋಗಿ ಮನೆ ನೋಡಿ, ಮಾರುವವನು ಮಾತಾಡುವಾಗ ಸುಮ್ಮನಿರಿ. ನಾನು ಎರಡನ್ನೂ ಮಾಡಿರಲಿಲ್ಲ.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನನಗೆ ಕುಷ್ಟಗಿಯಿಂದ ಕೊಪ್ಪಳದ ಹೈಸ್ಕೂಲಿಗೆ ವರ್ಗವಾಯಿತು. ನಾನು ವಿಜ್ಞಾನದ ಮೇಷ್ಟರು. ಮೂಢನಂಬಿಕೆಯ ವಿರುದ್ಧ ಮಾತಾಡಲು ಯಾರಾದರೂ ವೇದಿಕೆ ಕೊಟ್ಟರೆ ಸಾಕು, ಇಳಿಯುತ್ತಿರಲಿಲ್ಲ. ಭಾಗ್ಯನಗರದಲ್ಲೊಂದು ಮನೆ ಮಾರಾಟಕ್ಕಿದೆ ಎಂದು ತಿಳಿದಾಗ ಹೆಂಡತಿ, "ಇವತ್ತ ಅಮಾಸಿ ಐತ್ರಿ. ನಾಡಿದ್ದು ಹೋಗೂಣು" ಎಂದಳು.

"ಚಂದ್ರ ಕಾಣಲಿಲ್ಲ ಅಂದ್ರ ಗ್ವಾಡಿ ಬೀಳತಾವೇನು?" ಎಂದು ನಾನು ಬೇಕೆಂತಲೇ ಅವತ್ತೇ ಹೊರಟೆ.

ಮನೆ ಚೆನ್ನಾಗಿತ್ತು. ಎರಡು ಕೋಣೆ, ಹಿತ್ತಲಲ್ಲಿ ಕರಿಬೇವಿನ ಗಿಡ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನ ಶಾಂತಿ. ಗಿಡದಲ್ಲಿ ಗುಬ್ಬಿ ರೆಕ್ಕೆ ಕೊಡವಿದರೂ ಕೇಳುತ್ತಿತ್ತು. "ಎಷ್ಟ್ ಶಾಂತ ಐತಲ್ರೀ ಇಲ್ಲಿ" ಎಂದೆ.

"ಇವತ್ತ ಅಮಾಸಿ ನೋಡ್ರಿ ಸರ, ಹಿಂಗಾಗಿ..." ಎಂದು ಮನೆಯ ಯಜಮಾನ ಶುರು ಮಾಡಿದ.

"ಅಮಾಸಿ ಗಿಮಾಸಿ ನಾ ನಂಬಂಗಿಲ್ರಿ."

"ನಂಬೂ ಮಾತಲ್ರಿ ಸರ. ಅಮಾಸಿಗೆ ಇಲ್ಲಿ..."

ಅವನನ್ನು ಅಲ್ಲಿಯೇ ತಡೆದು, ಸೂರ್ಯ, ಭೂಮಿ, ಚಂದ್ರ ಯಾವ ಸಾಲಿನಲ್ಲಿ ನಿಲ್ಲುತ್ತವೆಂದು ಅಂಗಳದಲ್ಲೇ ಪಾಠ ಮಾಡಿದೆ. ಆತ ಸೌಜನ್ಯದಿಂದ ಕೊನೆತನಕ ಕೇಳಿ, "ಆತು ಬಿಡ್ರಿ. ನೀವು ಓದಿದೋರು" ಎಂದ. ಅದನ್ನು ನಾನು ಗೆಲುವೆಂದೇ ತಿಳಿದೆ. ಅವತ್ತೇ ಮುಂಗಡ ಕೊಟ್ಟು ಬಂದವನು ಗೃಹಪ್ರವೇಶದತನಕ ಆ ಕಡೆ ತಲೆ ಹಾಕಲಿಲ್ಲ.

ಗೃಹಪ್ರವೇಶದ ದಿನ ಬೆಳಿಗ್ಗೆ ಪೂಜೆ ಮುಗಿದು, ಬಂದವರು ಉಪ್ಪಿಟ್ಟಿನ ತಾಟು ಹಿಡಿದು ಕೂತಿದ್ದರು. ಆಗ ಪಡಸಾಲೆಯ ಗೋಡೆಯಾಚೆ ಖಟಕ್ ಖಟಕ್ ಎಂದು ಶುರುವಾಯಿತು. ಒಂದಲ್ಲ, ಸಾಲು ಸಾಲು. ತಾಟಿನಲ್ಲಿದ್ದ ಚಮಚ ನಡುಗಿತು. ಮಾತಾಡುತ್ತಿದ್ದವರ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗಗಳಿದ್ದವು.

ಊಟಕ್ಕೆ ಕರೆದಿದ್ದ ಹಳೆಯ ಯಜಮಾನ ನನ್ನ ಕಿವಿಯ ಹತ್ತಿರ ಬಂದು, "ಅಮಾಸಿ ದಿನ ಮಗ್ಗಕ್ಕ ಸೂಟಿ ಇರತೈತ್ರಿ ಸರ. ಅವತ್ತ ಅದನ್ನ ಹೇಳಾಕ ಹತ್ತಿದ್ದೆ" ಎಂದ. ಹೆಂಡತಿ, ಬೇಡವೆಂದರೂ ನನ್ನ ತಾಟಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು.

ಕೆಲವು ದಿನ ತಡೆದು, ಪಕ್ಕದ ಮನೆಯವನ ಹತ್ತಿರ ತಕರಾರು ಹೇಳಲು ಹೋದೆ. ಆತ ಮಗ್ಗಗಳ ನಡುವೆ ನಿಂತಿದ್ದ. "ಅಮಾಸಿ ಒಂದಿನ ಬಿಟ್ರ ನಮ್ಮ ಮನ್ಯಾಗ ಮಾತಾಡಾಕ ಆಗಂಗಿಲ್ರಿ" ಎಂದು ಕೂಗಿದೆ. ಕೇಳಿಸದಿರಬಹುದೆಂದು, ಮಾತು ಎಂಬರ್ಥದಲ್ಲಿ ಐದೂ ಬೆರಳು ಕೂಡಿಸಿ ಬಾಯಿಗೆ ಮುಟ್ಟಿಸಿ, ನಮ್ಮ ಮನೆಯ ಕಡೆ ಕೈ ತೋರಿಸಿದೆ. ಅವನ ಮುಖ ಅರಳಿತು. ಎರಡೂ ಕೈ ಜೋಡಿಸಿ, "ಆತ್ರಿ ಸರ, ಖಂಡಿತ" ಎಂದ. "ಒಂದ ಮಾತಿಗೆ ಒಪ್ಪಿದ ನೋಡು" ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಬೀಗಿದೆ.

ಮುಂದಿನ ಅಮಾವಾಸ್ಯೆಯ ಸಂಜೆ ಆತ ಹೆಂಡತಿ, ಮಕ್ಕಳು, ತಾಯಿಯನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದ. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದರು. ಆ ತಾಯಿ ನನ್ನ ಹೆಂಡತಿಯ ಕೈಗೆ ಕುಬಸದ ಕಣ, ಅದೇ ರವಿಕೆ ಬಟ್ಟೆ, ಇಟ್ಟು, "ನಿಮ್ಮ ಯಜಮಾನ್ರು ಮಗ್ಗದ ಮನಿತನಕ ಬಂದು ಊಟಕ್ಕ ಕರದ್ರವ್ವ. ಈ ಓಣ್ಯಾಗ ಹಿಂಗ ಯಾರೂ ಕರದಿದ್ದಿಲ್ಲ" ಎಂದಳು.

ಹೆಂಡತಿ ನನ್ನ ಕಡೆ ನೋಡಿದಳು. ನಾನು ಕರಿಬೇವು ತರುವ ನೆಪದಲ್ಲಿ ಹಿತ್ತಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವಳು ಜುಣಕಕ್ಕೆ ಕಡಲೆಹಿಟ್ಟು ಕಲಸಿ, ಶಾವಿಗೆ ಪಾಯಸಕ್ಕೆ ಹಾಲು ಇಟ್ಟಿದ್ದಳು. ಅಡುಗೆಮನೆಯಲ್ಲೇ ಮೆಲ್ಲಗೆ ನಡೆದದ್ದನ್ನು ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಪಾಯಸ ಬಡಿಸುತ್ತ ಅವಳು ಆ ತಾಯಿಗೆ, "ಅಮ್ಮಾರ, ನಮ್ಮ ಕಡೆ ಇರೂ ಮಗ್ಗದ ಕಿಡಕಿ ಮುಚ್ಚಿ, ಆ ಕಡೆದು ತಗಿಯಾಕ ಬರತೈತೇನ್ರಿ? ಸಪ್ಪಳ ಭಾಳ ಆಗತೈತಿ" ಎಂದಳು.

"ಅಯ್ಯ, ಇಷ್ಟ ಹೌದಲ್ಲ? ಮೊದಲ ಹೇಳಬಾರ್ದೇನವ್ವ" ಎಂದು ಆ ತಾಯಿ ಮಗನ ಕಡೆ ತಿರುಗಿದಳು. ಮರುದಿನವೇ ಕಿಟಕಿ ಮುಚ್ಚಿತು. ಸಪ್ಪಳ ಅರ್ಧಕ್ಕರ್ಧ ಇಳಿಯಿತು.

ಉಳಿದರ್ಧಕ್ಕೆ ನಾವು ಹೊಂದಿಕೊಂಡೆವು. ಆದರೆ ಮಗ್ಗದ ಸಪ್ಪಳದ ಮೇಲೆ ಕೂಗಿ ಕೂಗಿ ಏರಿದ ನನ್ನ ದನಿ ಮಾತ್ರ ಇಳಿಯಲಿಲ್ಲ. ಒಂದು ದಿನ ಮುಖ್ಯೋಪಾಧ್ಯಾಯರು ಕರೆದು ಕೂರಿಸಿ, "ಸರ, ತಪ್ಪು ತಿಳೀಬ್ಯಾಡ್ರಿ. ನೀವು ಎಂಟನೇತ್ತೆಗೆ ಪಾಠ ಮಾಡಿದ್ರ ಹತ್ತನೇತ್ತೆ ಹುಡುಗ್ರು ಬರಕೊಳ್ಳಾಕ ಹತ್ತ್ಯಾರ" ಎಂದರು.